ಕಾಲ್ಚೆಂಡಾಟದ ಒಂದು ವರ್ಷ: ೧೯೫೦

ಕಾಲ್ಚೆಂಡಾಟದ ಚರಿತ್ರೆಯಲ್ಲಿ ಗೆದ್ದವರ ಹೆಸರಿನಿಂದ ನೆನಪಾಗುವ ವರ್ಷಗಳು ಹಲವು. ೧೯೫೦ ಮಾತ್ರ ಸೋತವರ ಹೆಸರಿನಿಂದ ನೆನಪಾಗುತ್ತದೆ. ಆ ವರ್ಷ ವಿಶ್ವಕಪ್ಪನ್ನು ಗೆದ್ದುದು ದಕ್ಷಿಣ ಅಮೆರಿಕದ ಪುಟ್ಟ ದೇಶವಾದ ಯುರುಗ್ವೆ; ಆದರೆ ಜನ ಇಂದಿಗೂ ಆಡಿಕೊಳ್ಳುವುದು ನೆರೆಯ ಬ್ರೆಜಿಲ್ ಸೋತ ಬಗೆಯನ್ನು. ಆ ಸೋಲಿನ ಹೊರೆಯನ್ನೆಲ್ಲ ದೇಶವು ಬಹುಮಟ್ಟಿಗೆ ಒಬ್ಬನ ತಲೆಯ ಮೇಲೆ ಹೊರಿಸಿತು. ಅದರಲ್ಲಿ ಆತನ ಪಾಲು ಎಷ್ಟೆಂದು ತಿಳಿಯಬೇಕಾದರೆ ಅಂದಿನ ಆಟ ನಡೆದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಎರಡನೆಯ ಮಹಾಯುದ್ಧದ ದೆಸೆಯಿಂದ ೧೯೪೨ರಲ್ಲಿಯೂ ೧೯೪೬ರಲ್ಲಿಯೂ ವಿಶ್ವಕಪ್ ನಡೆಯಲಿಲ್ಲ. ಹನ್ನೆರಡು ವರ್ಷಗಳ ಬಿಡುವಿನ ಮೇಲೆ ಬ್ರೆಜಿಲ್ ಹದಿನಾರು ತಂಡಗಳಿಗೆ ಎಲೆ ಹಾಕಿತು. ಪಂಕ್ತಿಗೆ ಬಂದವರು ಹದಿಮೂರೇ. ಹಿಂದಿನ ವರ್ಷ, ೧೯೪೯ರ ಮೇ ೪ರಂದು, ಟೊರಿನೊ ತಂಡದ ಆಟಗಾರರನ್ನು ಹೊತ್ತ ವಿಮಾನ ಸುಪೆರ್ಗಾ ಬೆಟ್ಟಕ್ಕೆ ಬಡಿದು ಎಲ್ಲರೂ ಮಡಿದಿದ್ದರು. ಆ ದುಃಖದಿಂದ ಚೇತರಿಸಿಕೊಳ್ಳದ ಇಟಲಿಯವರು ವಿಮಾನವನ್ನು ಬಿಟ್ಟು ಹಡಗಿನಲ್ಲಿ ಬಂದರು.

ಬಾರದವರಲ್ಲಿ ನಾವೂ ಸೇರಿದ್ದೆವು. ಬರ್ಮಾ, ಇಂಡೊನೇಷ್ಯ, ಫಿಲಿಪ್ಪೀನ್ಸ್ ಹಿಂದೆ ಸರಿದುದರಿಂದ ಭಾರತಕ್ಕೆ ಸ್ಥಾನ ತಾನಾಗಿ ಒದಗಿತ್ತು. ಇಟಲಿ, ಸ್ವೀಡನ್, ಪೆರಗ್ವೆಗಳ ಗುಂಪಿನಲ್ಲಿ ಆಡಬೇಕಾಗಿತ್ತು. ಬರಿಗಾಲಿನಲ್ಲಿ ಆಡಗೊಡದ ಕಾರಣ ನಮ್ಮವರು ಹೋಗಲಿಲ್ಲವೆಂಬ ಮಾತು ಜನಜನಿತವಾಗಿದೆ. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಬಹುಮಂದಿ ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ ೨-೧ರಿಂದ ಸೋತುದು ನಿಜ; ಬೆಂಗಳೂರಿನ ಅಹಮದ್ ಖಾನ್ ಅವರೂ ಆ ತಂಡದಲ್ಲಿದ್ದರು. ಆದರೆ ವಿಶ್ವಕಪ್ಪಿಗೆ ಹೋಗದಿರಲು ಬೂಟು ಕಾರಣವಲ್ಲವೆಂದು ಅಂದಿನ ಪ್ರಮುಖ ಆಟಗಾರ ಶೈಲೇನ್ ಮನ್ನಾ ಅವರೇ ಅನಂತರ ಹೇಳಿದರು. ನಮ್ಮ ಕಾಲ್ಚೆಂಡು ಮಂಡಲಿಗೆ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿತ್ತು. ವಿಶ್ವಕಪ್ಪಿನ ಬೆಲೆ ಇನ್ನೂ ತಿಳಿದಿರಲಿಲ್ಲ. ಮರುವರ್ಷ ದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದವರು ನಮ್ಮವರೇ ಎಂಬುದನ್ನು ನೆನೆದರೆ, ಕಳೆದುಕೊಂಡದ್ದು ಸಣ್ಣದಲ್ಲ.

ಮೊದಲ ಸಲ ವಿಶ್ವಕಪ್ಪಿಗೆ ಬಂದ ಇಂಗ್ಲೆಂಡು ಬೆಲೊ ಹೊರಿಜೊಂಟೆ ನಗರದಲ್ಲಿ ಅಮೆರಿಕದ ತಂಡಕ್ಕೆ ೧-೦ಯಿಂದ ಸೋತು ತಲೆತಗ್ಗಿಸಿದುದನ್ನು ಹೇಳಿ, ಮುಖ್ಯ ವಿಷಯಕ್ಕೆ ಬರುತ್ತೇನೆ.

ಈಗಿನಂತೆ ಆ ವರ್ಷ ಅಂತಿಮ ಪಂದ್ಯವೆಂಬುದು ಇರಲಿಲ್ಲ. ಗುಂಪುಗಳಲ್ಲಿ ಗೆದ್ದ ನಾಲ್ಕು ತಂಡಗಳು ತಮ್ಮತಮ್ಮಲ್ಲಿ ಆಡಿ, ಗೆಲವಿಗೆ ಎರಡು ಅಂಕ, ಸಮಕ್ಕೆ ಒಂದು ಅಂಕದಂತೆ ಲೆಕ್ಕ ಹಾಕಬೇಕು. ಬ್ರೆಜಿಲ್ ಸ್ವೀಡನ್ನನ್ನು ೭-೧ರಿಂದಲೂ ಸ್ಪೇನನ್ನು ೬-೧ರಿಂದಲೂ ಬಡಿಯಿತು. ಯುರುಗ್ವೆ ಸ್ಪೇನಿನೊಡನೆ ೨-೨ ಸಮ ಮಾಡಿಕೊಂಡು, ಸ್ವೀಡನ್ನನ್ನು ೩-೨ರಿಂದ ಪ್ರಯಾಸದಿಂದ ಗೆದ್ದಿತು. ಜುಲೈ ೧೬ರಂದು ಇವೆರಡೂ ಎದುರಾದಾಗ ಬ್ರೆಜಿಲ್‌ಗೆ ನಾಲ್ಕು ಅಂಕ, ಯುರುಗ್ವೆಗೆ ಮೂರು. ಸಮವಾದರೂ ಕಪ್ಪು ಬ್ರೆಜಿಲ್‌ನದೇ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು. ರಿಯೋ ಡಿ ಜನೈರೊ ಅಂದು ಬ್ರೆಜಿಲ್‌ನ ರಾಜಧಾನಿ. ಅಲ್ಲಿನ ಪತ್ರಿಕೆಯೊಂದು ತಮ್ಮ ಆಟಗಾರರ ಚಿತ್ರವನ್ನು ಅಚ್ಚುಹಾಕಿ, ಜಗಜ್ಜಟ್ಟಿಗಳು ಇವರೇ ಎಂದು ಆಟಕ್ಕೆ ಮೊದಲೇ ಸಾರಿತು. ನಗರದ ಮೇಯರರೂ ಆಟಗಾರರನ್ನು ವಿಜಯಿಗಳೆಂದೇ ಸಂಬೋಧಿಸಿ ಭಾಷಣ ಮಾಡಿದರು. ಉತ್ತರಕುಮಾರನ ಪ್ರಸಂಗವನ್ನು ಬಲ್ಲ ನಮಗೆ ಇದು ಹೊಸದಲ್ಲ. ಹೊಸದಾಗಿ ಕಟ್ಟಿದ ಮರಕಾನ ಕ್ರೀಡಾಂಗಣದಲ್ಲಿ ಟಿಕೆಟ್ಟು ಕೊಂಡು ಕುಳಿತವರೇ ೧,೭೩,೮೫೦ ಮಂದಿ. ಒಟ್ಟು ಎರಡು ಲಕ್ಷದ ಹತ್ತಿರವಿದ್ದರೆಂದು ಅಂದಾಜು.

ಮೊದಲ ಅರ್ಧದಲ್ಲಿ ಗೋಲು ಆಗಲಿಲ್ಲ. ಬಿಡುವಿನ ನಂತರ, ೪೭ನೆಯ ನಿಮಿಷದಲ್ಲಿ, ಫ್ರಿಯಾಸ ಬ್ರೆಜಿಲ್‌ಗೆ ಗೋಲು ತಂದಿತ್ತ. ೬೬ನೆಯ ನಿಮಿಷದಲ್ಲಿ ಯುರುಗ್ವೆಯ ಬಲ ಅಂಚಿನ ಗಿಜ್ಜಿಯಾ, ಎದುರು ನಿಂತ ಬಿಗೋಡೆಯನ್ನು ದಾಟಿ ಓಡಿ, ಚೆಂಡನ್ನು ನಡುವಿಗೆ ತಳ್ಳಿದ. ಸ್ಕಿಯಾಫಿನೊ ಅದನ್ನು ಬಲೆಗೆ ಹೊಡೆದ. ೧-೧. ಈಗಲೂ ಕಪ್ಪು ಬ್ರೆಜಿಲ್‌ನ ಕೈಯಲ್ಲೇ ಇತ್ತು.

೭೯ನೆಯ ನಿಮಿಷದಲ್ಲಿ ಗಿಜ್ಜಿಯಾ ಅದೇ ದಾರಿಯಲ್ಲಿ ಮತ್ತೆ ಬಂದ. ಇಲ್ಲಿ ಓದುಗರು ಗೋಲು ಕಾಯುವವನ ಕಷ್ಟವನ್ನು ಗಮನಿಸಬೇಕು. ಅವನು ಕಾಯಬೇಕಾದ ಬಾಗಿಲು ೨೪ ಅಡಿ ಅಗಲ, ೮ ಅಡಿ ಎತ್ತರ. ಚೆಂಡು ಬಂದ ಮೇಲೆ ಹಿಡಿಯುವುದಷ್ಟೇ ಅವನ ಕೆಲಸವಲ್ಲ. ಎಲ್ಲಿ ಬಂದೀತೆಂದು ಮೊದಲೇ ಊಹಿಸಿ ನಿಲ್ಲಬೇಕು. ಹದಿಮೂರು ನಿಮಿಷದ ಹಿಂದೆ ಚೆಂಡು ನಡುವಿಗೆ ಬಂದು ಗೋಲಾಗಿತ್ತು. ಈ ಸಲವೂ ಹಾಗೆಯೇ ಬಂದೀತೆಂದು ಬಾರ್ಬೋಸ ಒಂದು ಹೆಜ್ಜೆ ಮುಂದೆ ಸರಿದ. ಗಿಜ್ಜಿಯಾ ಚೆಂಡನ್ನು ನಡುವಿಗೆ ಕೊಡದೆ, ಆತನಿಗೂ ಹತ್ತಿರದ ಕಂಬಕ್ಕೂ ನಡುವೆ ಉಳಿದ ಕಿರಿದಾದ ಎಡೆಯಲ್ಲಿ ನೇರವಾಗಿ ಹೊಡೆದ. ಯುರುಗ್ವೆ ೨, ಬ್ರೆಜಿಲ್ ೧.

ಬಾನುಲಿಯಲ್ಲಿ ವೀಕ್ಷಕ ವಿವರಣೆ ನೀಡುತ್ತಿದ್ದ ಲೂಯಿಸ್ ಮೆಂಡಿಸ್, ಯುರುಗ್ವೆಯ ಗೋಲು ಎಂಬ ಅದೇ ಮಾತನ್ನು ಬೇರೆ ಬೇರೆ ದನಿಯಲ್ಲಿ ಮತ್ತೆ ಮತ್ತೆ ಹೇಳಿದನಂತೆ. ಹೇಳುವವನಿಗೇ ನಂಬಿಕೆ ಬರಲಿಲ್ಲ. ಆ ದನಿ ದೇಶದ ಮನೆಮನೆಯನ್ನೂ ಮುಟ್ಟಿತು. ಬಾನುಲಿಯ ಮುಂದೆ ಕುಳಿತಿದ್ದ ತಂದೆ ಅಳುವುದನ್ನು ಕಂಡ ಒಂಬತ್ತು ವರ್ಷದ ಹುಡುಗನೊಬ್ಬ, ತಾನು ಕಪ್ಪನ್ನು ಗೆದ್ದು ತರುತ್ತೇನೆಂದು ಮಾತು ಕೊಟ್ಟ. ೧೯೫೮ರಲ್ಲಿ ಸ್ವೀಡನ್ನಿನಲ್ಲಿ, ಹದಿನೇಳರ ವಯಸ್ಸಿನಲ್ಲಿ, ಆ ಮಾತನ್ನು ನಡೆಸಿದ ಅವನೇ ಪೆಲೆ. ಬ್ರೆಜಿಲ್ ಅಂದು ತೊಟ್ಟಿದ್ದ ಬಿಳಿಯ ಅಂಗಿಯನ್ನೂ ಅಪಶಕುನವೆಂದು ಕೈಬಿಟ್ಟರು. ಪತ್ರಿಕೆಯೊಂದು ಸ್ಪರ್ಧೆ ಏರ್ಪಡಿಸಿ ಆಯ್ದ ಹಳದಿಯ ಅಂಗಿ ೧೯೫೪ರಿಂದ ಬಳಕೆಗೆ ಬಂತು.

ಅಂಗಿಯನ್ನು ಬದಲಿಸಬಹುದು, ಬಾರ್ಬೋಸನ ಪಾಡು ಬದಲಾಗಲಿಲ್ಲ. ಹಿಂದಿನ ಐದು ಪಂದ್ಯಗಳಲ್ಲಿ ಆತ ಬಿಟ್ಟುಕೊಟ್ಟದ್ದು ನಾಲ್ಕೇ ಗೋಲು. ಎರಡು ಪಂದ್ಯಗಳಲ್ಲಿ ಹದಿಮೂರು ಗೋಲು ಹೊಡೆದ ಮುಂದಣ ಸಾಲಿನವರು ಈ ಪಂದ್ಯದಲ್ಲಿ ಹೊಡೆದದ್ದು ಒಂದೇ. ಅವರನ್ನು ಆ ಪರಿಯಲ್ಲಿ ಯಾರೂ ಹಳಿಯಲಿಲ್ಲ. ಹೆಚ್ಚು ನಿಂದೆಗೆ ಗುರಿಯಾದ ಬಾರ್ಬೋಸ, ಬಿಗೋಡೆ, ಜುವೆನಾಲ್ ಮೂವರೂ ಕಪ್ಪು ಬಣ್ಣದವರೆಂಬುದನ್ನು ಚರಿತ್ರಕಾರರು ಎತ್ತಿ ತೋರಿಸಿದ್ದಾರೆ. ಅದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಇಪ್ಪತ್ತು ವರ್ಷಗಳ ಮೇಲೆಯೂ ಅಂಗಡಿಯೊಂದರಲ್ಲಿ ಹೆಂಗಸೊಬ್ಬಳು, ದೇಶವನ್ನೆಲ್ಲ ಅಳಿಸಿದವನು ಇವನೇ ಎಂದು ತನ್ನ ಮಗನಿಗೆ ಬೊಟ್ಟು ಮಾಡಿ ತೋರಿಸಿದಳೆಂದು ಬಾರ್ಬೋಸನೇ ಹೇಳಿಕೊಂಡಿದ್ದಾನೆ. ತನ್ನ ದೇಶದ ಕಾನೂನಿನಲ್ಲಿ ಎಂಥ ಅಪರಾಧಕ್ಕೂ ಮೂವತ್ತು ವರ್ಷಕ್ಕೆ ಮೀರಿದ ಶಿಕ್ಷೆಯಿಲ್ಲ, ತಾನಾದರೋ ಐವತ್ತು ವರ್ಷ ಅನುಭವಿಸಿದೆ ಎಂಬುದು ಮುಪ್ಪಿನಲ್ಲಿ ಆತನ ಲೆಕ್ಕ.

ಬಾರ್ಬೋಸ ೨೦೦೦ದ ಏಪ್ರಿಲ್‌ನಲ್ಲಿ ತೀರಿಕೊಂಡ. ಆ ದಿನ ಕಣದಲ್ಲಿದ್ದ ಇಪ್ಪತ್ತೆರಡು ಮಂದಿಯಲ್ಲಿ ಕೊನೆಯವರೆಗೆ ಉಳಿದವನು ಗಿಜ್ಜಿಯಾ. ಆತನೂ ೨೦೧೫ರಲ್ಲಿ ಕಣ್ಣು ಮುಚ್ಚಿದ. ತಾರೀಖು ಅದೇ ಜುಲೈ ೧೬.