ಕನ್ನಡ ಎಂ.ಎ. ನಂತರ ಗಣಕ ಭಾಷಾವಿಜ್ಞಾನ

ಪ್ರಶ್ನೆ: ನಾನು ಕನ್ನಡ ಎಂ.ಎ. ಪಿಯುಸಿಯಲ್ಲೂ ಗಣಿತ ಇರಲಿಲ್ಲ. ಗಣಕ ಭಾಷಾವಿಜ್ಞಾನದಲ್ಲಿ ಸಂಶೋಧನೆ ಮಾಡಬಹುದೇ?

ಉತ್ತರ: ಮಾಡಬಹುದು. ನೀವು ಕಲಿತ ವ್ಯಾಕರಣ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ‘ಮನೆಯಲ್ಲಿದ್ದವರಿಗೂ’ ಎಂಬ ಒಂದೇ ಪದವನ್ನು ನೋಡಿ: ಮನೆ, ಅಲ್ಲಿ, ಇದ್ದ, ಅವರು, ಇಗೆ, ಊ. ನಡುವೆ ಸಂಧಿಗಳು ಬೇರೆ. ಹೀಗೆ ಬೆಳೆಯುವ ಪದರೂಪಗಳನ್ನೆಲ್ಲ ನಿಘಂಟಿನಲ್ಲಿ ತುಂಬಿಡಲಾಗದು. ಬಿಡಿಸುವ ನಿಯಮವನ್ನೇ ಯಂತ್ರಕ್ಕೆ ಕಲಿಸಬೇಕು. ವೈಯಾಕರಣ ಕೇಶಿರಾಜನನ್ನು ಶ್ರದ್ಧೆಯಿಂದ ಓದಿದವರಿಗೆ ಈ ಬಗೆಯ ಯೋಚನೆ ಹೊಸದೇನಲ್ಲ.

ಈ ದಾರಿ ನಮ್ಮಲ್ಲಿ ಆಗಲೇ ತುಳಿದದ್ದು. ಐಐಟಿ ಕಾನ್ಪುರದಲ್ಲಿ ಹುಟ್ಟಿದ ‘ಅನುಸಾರಕ’ ಎಂಬ ತಂತ್ರಾಂಶ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಪಠ್ಯವನ್ನು ಹಿಂದಿ ಓದುಗರಿಗೆ ತಲುಪಿಸಲು ಹೊರಟಿತ್ತು. ಅದರ ಹಿಂದಿದ್ದ ತಂಡ ಪಾಣಿನಿಯ ಕಾರಕ ವಿಚಾರವನ್ನೇ ಆಧಾರವಾಗಿಟ್ಟುಕೊಂಡು 1995ರಲ್ಲಿ ಪುಸ್ತಕವನ್ನೂ ಬರೆಯಿತು.

ಆದರೆ ವ್ಯಾಕರಣವೊಂದೇ ಸಾಲದು. ಇಂದಿನ ಕೆಲಸ ಬಹುಪಾಲು ಸಂಭವನೀಯತೆ, ರೇಖೀಯ ಬೀಜಗಣಿತ, ಪೈಥಾನ್ ಪ್ರೋಗ್ರಾಮಿಂಗ್ ಮೇಲೆ ನಿಂತಿದೆ. ಅರ್ಜಿ ಹಾಕುವ ಮೊದಲು ಒಂದು ವರ್ಷವನ್ನು ಇವಕ್ಕೇ ಮೀಸಲಿಡಿ. ಹೈದರಾಬಾದ್ ವಿಶ್ವವಿದ್ಯಾಲಯದ ಅನ್ವಯಿಕ ಭಾಷಾವಿಜ್ಞಾನ ಕೇಂದ್ರ ಮತ್ತು ಅದೇ ಊರಿನ ಟ್ರಿಪಲ್ ಐಟಿಯ ಭಾಷಾ ತಂತ್ರಜ್ಞಾನ ಕೇಂದ್ರಗಳ ಪ್ರವೇಶ ನಿಯಮಗಳನ್ನು ಈಗಲೇ ನೋಡಿಟ್ಟುಕೊಳ್ಳಿ. ಜೊತೆಗೆ ನಿಮ್ಮೂರಿನ ಮಾತನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಪದಗಳನ್ನು ಬಿಡಿಸಿ ಗುರುತಿಸುತ್ತಾ ಹೋಗಿ. ಉಪಭಾಷೆಗಳ ಅಂಥ ಪಠ್ಯದ ಕೊರತೆ ಕನ್ನಡಕ್ಕೆ ಇವತ್ತಿಗೂ ಇದೆ.