ಬೆನ್ನು ಮರೆಸಿದ್ದನ್ನು ತೊಡೆ ಹೇಳುತ್ತದೆ

ಮುಂಬಯಿಯ ಕಾಂದಿವಲಿ ಪೂರ್ವದಲ್ಲಿ ಮಳೆ ಹಿಡಿಯಿತೆಂದರೆ ಹೌಸಿಂಗ್ ಸೊಸೈಟಿಗಳ ವಾಟ್ಸಾಪ್ ಗುಂಪುಗಳಿಗೆ ಒಂದೇ ಬಗೆಯ ಫೋಟೊ ಬರತೊಡಗುತ್ತದೆ: ಬಚ್ಚಲಿನ ಟೈಲ್ಸಿಗೋ ಪಾರ್ಕಿಂಗಿನ ಕಂಬಕ್ಕೋ ಅಂಟಿಕೊಂಡ, ಮಣ್ಣು ಬಣ್ಣದ, ಕಣ್ಣು ಉಬ್ಬಿದ ಕಪ್ಪೆ. ‘ವಿಷದ್ದಾ?’ ಎಂಬ ಪ್ರಶ್ನೆ ಮೊದಲು, ‘ಹೊಸ ಜಾತಿ ಇರಬಹುದಾ?’ ಎಂಬುದು ಆಮೇಲೆ. ಎರಡೂ ಅಲ್ಲ. ಅದು ನಮ್ಮ ದೇಶದ ಸಾಮಾನ್ಯ ಮರಗಪ್ಪೆ. ವಿಜ್ಞಾನದವರ ಬಾಯಲ್ಲಿ ಪಾಲಿಪಿಡೇಟ್ಸ್ ಮ್ಯಾಕುಲೇಟಸ್. ಠಾಕೂರ್ ವಿಲೇಜ್, ಲೋಖಂಡ್‌ವಾಲಾ ಟೌನ್‌ಶಿಪ್‌ಗಳಿಂದ ಕೂಗಳತೆಯಲ್ಲೇ ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಇರುವಾಗ ಕಪ್ಪೆ ಬಾರದಿದ್ದರೇ ಆಶ್ಚರ್ಯ. ಆ ಕಾಡಿನಿಂದ ಚಿರತೆ ಇಳಿದರೆ ಪತ್ರಿಕೆಯಲ್ಲಿ ಸುದ್ದಿ, ಕಪ್ಪೆ ಇಳಿದರೆ ಪೊರಕೆ.

ಟೈಲ್ಸಿನ ಮೇಲೆ ಎದ್ದು ಕಾಣುವ ಈ ಜೀವವನ್ನು ಕಾಡಿನೊಳಗೆ ಹಗಲು ಹೊತ್ತು ಹುಡುಕುವುದು ಬೇರೆಯೇ ಮಾತು. ಕೈಕಾಲನ್ನೆಲ್ಲ ಹೊಟ್ಟೆಯಡಿಗೆ ಮಡಚಿ, ಕಣ್ಣು ಮುಚ್ಚಿ ಕುಳಿತರೆ ಅದು ಮರದ ಗಂಟು. ಬಣ್ಣವೂ ಒಂದೇ ಅಲ್ಲ. ಒಣಹುಲ್ಲಿನ ಹಳದಿಯಿಂದ ಗಾಢ ಕಂದಿನವರೆಗೆ ಅದೇ ಕಪ್ಪೆ ಬದಲಾಗುತ್ತದೆ. ಚರ್ಮದ ಕೋಶಗಳಲ್ಲಿರುವ ಕಪ್ಪು ವರ್ಣಕಣಗಳು ಹರಡಿಕೊಂಡರೆ ಮೈ ಕಪ್ಪಾಗುತ್ತದೆ, ಕೋಶದ ನಡುವಿಗೆ ಸರಿದರೆ ತಿಳಿಯಾಗುತ್ತದೆ. ಇನ್ನೂ ಒಂದು ಚಮತ್ಕಾರವಿದೆ. ಚರ್ಮದ ಗ್ರಂಥಿಗಳಿಂದ ಒಸರುವ ಜಿಡ್ಡನ್ನು ಕೈಕಾಲುಗಳಿಂದ ತಲೆ, ಬೆನ್ನು, ಪಕ್ಕೆಗೆಲ್ಲ ಸವರಿಕೊಂಡು ಆಮೇಲೆ ಅಲ್ಲಾಡದೆ ಕೂರುತ್ತದೆ. ಮೈಯ ನೀರು ಆರಿಹೋಗದಂತೆ ಮಾಡಿಕೊಳ್ಳುವ ಎಣ್ಣೆ ಅಭ್ಯಂಜನ ಅದು. ಬೇಸಗೆಯಲ್ಲಿ ನಮ್ಮ ಬಚ್ಚಲುಮನೆಯ ತಂಪನ್ನು ಹುಡುಕಿ ಬರುವುದಕ್ಕೂ ಈ ನೀರಿನ ಚಿಂತೆಯೇ ಕಾರಣ.

ಹೀಗಿರುವಾಗ ಬೆನ್ನಿನ ಫೋಟೊ ಕಳಿಸಿ ‘ಇದು ಯಾವುದು?’ ಎಂದು ಕೇಳಿದರೆ ಬಲ್ಲವರೂ ತಡವರಿಸುತ್ತಾರೆ. ಬೆನ್ನಿನ ಮೇಲೆ ಕೆಲವಕ್ಕೆ ಡಮರುವಿನಾಕಾರದ ಕಪ್ಪು ಗುರುತು ಇರುತ್ತದೆ, ಕೆಲವಕ್ಕೆ ಬರೀ ಚುಕ್ಕೆ, ಕೆಲವಕ್ಕೆ ಏನೂ ಇಲ್ಲ. ಮೊದಲು ನೋಡಬೇಕಾದ್ದು ಬೆರಳ ತುದಿ: ಅಲ್ಲಿ ಅಗಲವಾದ ಬಿಲ್ಲೆಗಳಿದ್ದರೆ ಗೋಡೆ ಹತ್ತುವ ಜಾತಿ. ಅಂಗಳದ ನೆಲಗಪ್ಪೆಗೆ ಅದಿಲ್ಲ. ಬದಲಿಗೆ ಮೈತುಂಬ ಗಂಟು, ಕಣ್ಣಿನ ಹಿಂದೆ ಉಬ್ಬಿದ ವಿಷಗ್ರಂಥಿ. ಆದರೆ ನಿಜವಾದ ಸಾಕ್ಷ್ಯ ಇರುವುದು ಮರಗಪ್ಪೆ ಮಡಚಿಟ್ಟುಕೊಂಡ ತೊಡೆಯ ಹಿಂಬದಿಯಲ್ಲಿ. ಕಂದು ನೆಲದ ಮೇಲೆ ಉರುಟುರುಟು ಹಳದಿ ಚುಕ್ಕೆಗಳು. ಕುಪ್ಪಳಿಸುವ ಕ್ಷಣದಲ್ಲಷ್ಟೇ ಮಿಂಚಿ, ಇಳಿದ ಕೂಡಲೇ ಮರೆಯಾಗುತ್ತವೆ. ಹಿಡಿದು ಕಾಲೆಳೆದು ನೋಡುವ ಉತ್ಸಾಹ ಬೇಡ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಯ ಸೋಪು, ಸೊಳ್ಳೆ ಮುಲಾಮು ಅದಕ್ಕೆ ಒಗ್ಗುವುದಿಲ್ಲ. ಪಕ್ಕದಿಂದ, ಹಿಂದಿನಿಂದ ಒಂದೊಂದು ಫೋಟೊ ತೆಗೆದರೆ ಸಾಕು.

ಅದಕ್ಕಿಂತ ಸುಲಭದ ದಾರಿ ಕಿವಿಯದು. ಕತ್ತಲಾದ ಮೇಲೆ ಉದ್ಯಾನದೊಳಗೆ ಬಿಡುವುದಿಲ್ಲ, ಬಿಡಲೂ ಬಾರದು. ಆದರೆ ಕಾಂಪೌಂಡಿನ ಅಂಚಿನಲ್ಲಿ ನಿಂತರೂ ಮರ ಕುಟ್ಟಿದಂತೆ ‘ಟಕ್ ಟಕ್ ಟಕ್’ ಕೇಳಿಸುತ್ತದೆ. ಗಂಡು ಕರೆಯುತ್ತಿದೆ.

ಸಹ್ಯಾದ್ರಿಯ ಪುಟ್ಟ ಪೊದೆಗಪ್ಪೆಗಳ ವಿಷಯದಲ್ಲಂತೂ ಕಿವಿಯನ್ನೇ ನಂಬಬೇಕು. ಒಂದೇ ಜಾತಿಯಲ್ಲಿ ಹತ್ತಾರು ಬಣ್ಣ, ಬೇರೆ ಬೇರೆ ಜಾತಿಗಳಲ್ಲಿ ಒಂದೇ ಬಣ್ಣ. ಸಂಶೋಧಕರು ಕೂಗನ್ನು ರೆಕಾರ್ಡ್ ಮಾಡಿ, ಅದೂ ಸಾಲದಾದಾಗ ಡಿಎನ್ಎ ನೋಡಿ ತೀರ್ಮಾನಿಸುತ್ತಾರೆ. ಇವುಗಳಲ್ಲಿ ಮುಂಬಯಿಯ ಹೆಸರು ಹೊತ್ತ ರಾವ್‌ಆರ್ಕೆಸ್ಟಿಸ್ ಬಾಂಬೆಯೆನ್ಸಿಸ್ ಎಂಬುದನ್ನು ನೆಲ್ಸನ್ ಅನಂಡೇಲ್ 1919ರಲ್ಲಿ ವಿವರಿಸಿದ್ದು ಮುಂಬಯಿಯಿಂದಲ್ಲ, ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲಿದ್ದ ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ. ಹೆಸರಿನ ಮೊದಲ ಭಾಗದ ‘ರಾವ್’ ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್. ದಕ್ಷಿಣ ಭಾರತದ ಕಪ್ಪೆಗಳನ್ನು ವಿವರಿಸಿದವರು, 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಎಸ್.ಡಿ. ಬಿಜು ಮತ್ತು ಸಂಗಡಿಗರು 2010ರಲ್ಲಿ ಈ ಕುಲಕ್ಕೆ ಅವರ ಹೆಸರಿಟ್ಟರು. ಗುರುತು ಹಿಡಿಯಲು ಕಲಿಯುವವರಿಗೆ ಕೆ.ವಿ. ಗುರುರಾಜ ಅವರ 2012ರ ಪಶ್ಚಿಮಘಟ್ಟದ ಕಪ್ಪೆಗಳ ಸಚಿತ್ರ ಕೈಪಿಡಿ ಒಳ್ಳೆಯ ಸಂಗಾತಿ.

ಪೊದೆಗಪ್ಪೆಯ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯೇ ಹೊರಬರುವುದರಿಂದ ಅದಕ್ಕೆ ಹೊಂಡ ಬೇಕಿಲ್ಲ. ಬಚ್ಚಲಿನ ನಮ್ಮ ಅತಿಥಿಗೆ ಬೇಕು. ಅದು ನೀರಿನ ಮೇಲೆ ಬಾಗಿದ ಎಲೆಗೋ ತೊಟ್ಟಿಯ ಗೋಡೆಗೋ ನೊರೆಯ ಮುದ್ದೆ ಕಟ್ಟಿ ಅದರೊಳಗೆ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಗೊದಮೊಟ್ಟೆಗಳು ಜಾರಿ ಕೆಳಗಿನ ನೀರಿಗೆ ಬೀಳುತ್ತವೆ. ಅದೇ ಹೊತ್ತಿಗೆ ಡೆಂಗೆ, ಮಲೇರಿಯಾ ತಡೆಯಲು ನಿಂತ ನೀರನ್ನೆಲ್ಲ ಚೆಲ್ಲಿ ಎಂಬ ಸೂಚನೆಯೂ ಬಂದಿರುತ್ತದೆ. ನನ್ನ ಮಟ್ಟಿಗೆ ಆ ಸೂಚನೆ ಸರಿಯೇ, ಸೊಳ್ಳೆಯ ಜೊತೆ ರಾಜಿ ಸಾಧ್ಯವಿಲ್ಲ. ಡ್ರಮ್ಮಿನ ಒಳಗೋಡೆಯಲ್ಲಿ ಬಿಳಿ ನೊರೆ ಕಂಡರೆ ಮಾತ್ರ, ಗೊದಮೊಟ್ಟೆ ಸಹಿತ ಆ ನೀರನ್ನು ಚರಂಡಿಗೆ ಸುರಿಯುವ ಬದಲು ಸೊಸೈಟಿಯ ತೋಟದ ಕೊಳಕ್ಕೆ ಸುರಿಯುವಂತೆ ವಾಚ್‌ಮನ್‌ಗೆ ಹೇಳಬಹುದು.