ಶಿಶುಗಳ ಚರ್ಮದ ತುರಿಕೆ: ಕಾರಣವನ್ನು ಗುರುತಿಸುವ ಬಗೆ

ದೊಡ್ಡವರು ತಮ್ಮ ತುರಿಕೆಯನ್ನು ಬಾಯಿಬಿಟ್ಟು ಹೇಳಬಲ್ಲರು, ಶಿಶುವು ಹೇಳಲಾರದು. ಎಳೆಯ ಮಗುವಿಗೆ ಸರಿಯಾಗಿ ಕೆರೆದುಕೊಳ್ಳಲೂ ಬಾರದು. ಅದು ಕೆನ್ನೆಯನ್ನು ಹಾಸಿಗೆಗೆ ಉಜ್ಜುತ್ತದೆ, ಕಾಲುಗಳನ್ನು ಒಂದಕ್ಕೊಂದು ತಿಕ್ಕುತ್ತದೆ, ನಿದ್ರೆಯಿಲ್ಲದೆ ಅಳುತ್ತದೆ. ಇದನ್ನು ‘ಉಷ್ಣ’ ಅಥವಾ ‘ನಂಜು’ ಎಂದು ಕಡೆಗಣಿಸದೆ, ಮಗುವಿನ ಮೈಯನ್ನು ಒಳ್ಳೆಯ ಬೆಳಕಿನಲ್ಲಿ ಅಡಿಯಿಂದ ಮುಡಿಯವರೆಗೆ ನೋಡಬೇಕು. ಗುಳ್ಳೆಗಳು ಎಲ್ಲಿವೆ ಎಂಬುದೇ ಬಹುಮಟ್ಟಿಗೆ ಕಾರಣವನ್ನು ಸೂಚಿಸುತ್ತದೆ.

ಬೆವರುಸಾಲೆ: ಬೆವರಿನ ನಾಳಗಳು ಮುಚ್ಚಿಕೊಳ್ಳುವುದರಿಂದ ಇದು ಉಂಟಾಗುತ್ತದೆ. ಮುಂಬಯಿ, ಚೆನ್ನೈನಂತಹ ಕಡಲತೀರದ ನಗರಗಳ ಸೆಕೆಯಲ್ಲಿ ಸಾಮಾನ್ಯ. ಕತ್ತು, ಕಂಕುಳು ಹಾಗೂ ಬೆನ್ನಿನ ಮೇಲೆ ಸಣ್ಣ ಕೆಂಪು ಗುಳ್ಳೆಗಳು ಏಳುತ್ತವೆ. ತೆಳುವಾದ ಹತ್ತಿಬಟ್ಟೆ ತೊಡಿಸಿ, ಗಾಳಿಯಾಡುವಲ್ಲಿ ಮಲಗಿಸಿದರೆ ಕೆಲವೇ ದಿನಗಳಲ್ಲಿ ಇಳಿಯುತ್ತವೆ.

ಇಸುಬು: ಇದು ಹೆಚ್ಚಾಗಿ ಮೊದಲ ವರ್ಷದಲ್ಲಿಯೇ ತಲೆದೋರುತ್ತದೆ. ಕೆನ್ನೆ, ಹಣೆ ಮತ್ತು ಕೈಕಾಲುಗಳ ಹೊರಭಾಗದ ಚರ್ಮವು ಒಣಗಿ ಕೆಂಪಾಗುತ್ತದೆ, ಕೆಲವೊಮ್ಮೆ ನೀರೊಸರುತ್ತದೆ. ಲಂಗೋಟಿ ಕಟ್ಟುವ ಭಾಗದಲ್ಲಿ ಸಾಮಾನ್ಯವಾಗಿ ಕಾಣಿಸದು. ತಂದೆತಾಯಿಯರಿಗೆ ಆಸ್ತಮಾ ಅಥವಾ ಅಲರ್ಜಿ ಇದ್ದರೆ ಸಂಭವ ಹೆಚ್ಚು. ದೆಹಲಿಯಂತಹ ಊರುಗಳ ಒಣಚಳಿಯಲ್ಲಿ ಇದು ಉಲ್ಬಣಿಸಬಹುದು. ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಿಲ್ಲ. ಲಕ್ಷಣಗಳನ್ನು ನೋಡಿಯೇ ವೈದ್ಯರು ನಿರ್ಧರಿಸುತ್ತಾರೆ.

ಕಜ್ಜಿ: ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಹುಳುವು ಚರ್ಮವನ್ನು ಕೊರೆದು ಒಳಸೇರುವುದರಿಂದ ಬರುವ ಅಂಟುರೋಗವಿದು. ತುರಿಕೆಯು ರಾತ್ರಿಯಲ್ಲಿ ಹೆಚ್ಚು. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣದ ನೆತ್ತಿ, ಅಂಗೈ ಮತ್ತು ಅಂಗಾಲುಗಳ ಮೇಲೂ ಶಿಶುಗಳಲ್ಲಿ ಗುಳ್ಳೆಗಳೇಳುತ್ತವೆ. ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆಯಿದೆಯೇ ಎಂಬುದು ಇಲ್ಲಿ ಮುಖ್ಯವಾದ ಪ್ರಶ್ನೆ. ಮೊದಲ ಬಾರಿ ಸೋಂಕು ತಗುಲಿದವರಲ್ಲಿ ತುರಿಕೆಯು ಕೆಲವು ವಾರಗಳ ನಂತರವೇ ಆರಂಭವಾಗುವುದರಿಂದ, ತುರಿಕೆಯಿಲ್ಲದವರೂ ಸೇರಿ ಮನೆಮಂದಿಯೆಲ್ಲರೂ ಒಂದೇ ದಿನ ಚಿಕಿತ್ಸೆ ಪಡೆಯಬೇಕು. ಬಟ್ಟೆ, ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. 2 ತಿಂಗಳೊಳಗಿನ ಶಿಶುವಿಗೆ ಔಷಧವನ್ನು ವೈದ್ಯರೇ ಆರಿಸಬೇಕು.

ಕಜ್ಜಿಯನ್ನು ಇಸುಬೆಂದು ಭಾವಿಸಿ ಅಂಗಡಿಯಿಂದ ಸ್ಟಿರಾಯ್ಡ್ ಮುಲಾಮು ತಂದು ಹಚ್ಚುವುದು ಅಪಾಯಕರ. ಕೆಂಪು ಇಳಿದು ಗುಣವಾದಂತೆ ತೋರುತ್ತದೆ. ಹುಳುಗಳು ಮಾತ್ರ ಹೆಚ್ಚುತ್ತಲೇ ಇರುತ್ತವೆ. ಪ್ರಬಲವಾದ ಮುಲಾಮು ಶಿಶುವಿನ ಎಳೆಚರ್ಮವನ್ನು ಮತ್ತಷ್ಟು ತೆಳುವಾಗಿಸುತ್ತದೆ. ವೈದ್ಯರು ಇಸುಬಿಗೆ ಸೌಮ್ಯವಾದ ಸ್ಟಿರಾಯ್ಡ್ ಸೂಚಿಸಿದರೆ, ಅವರು ಹೇಳಿದಷ್ಟು ದಿನ ಮಾತ್ರ ಬಳಸಬೇಕು.

ಗುಳ್ಳೆಗಳಲ್ಲಿ ಕೀವು ತುಂಬಿದರೆ, ಜ್ವರ ಬಂದರೆ ಅಥವಾ ಮಗುವು ಹಾಲು ಕುಡಿಯದಿದ್ದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಅದುವರೆಗೆ ಹಚ್ಚಿದ ಎಲ್ಲ ಮುಲಾಮುಗಳನ್ನೂ ಜೊತೆಯಲ್ಲಿ ಒಯ್ದು ತೋರಿಸುವುದು ಒಳಿತು.